ಹೆಸರಿನ ಮುಂದಿನ ಊರು

ಮಂಡ್ಯ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಬೆಳಗಿನ ಹಾಜರಿ ನಡೆಯುತ್ತಿದೆಯೆಂದು ಭಾವಿಸೋಣ. ಉಪಾಧ್ಯಾಯರು ಕೂಗುವ ಹೆಸರುಗಳಲ್ಲಿ ಮೂರು 'ಬಿ' ಎಂಬ ಅಕ್ಷರದಿಂದ ಮೊದಲಾಗುತ್ತವೆ. ವಿಚಾರಿಸಿ ನೋಡಿದರೆ ಒಬ್ಬನ 'ಬಿ' ಬೂಕನಕೆರೆ, ಇನ್ನೊಬ್ಬನದು ಬೆಳ್ಳೂರು, ಮೂರನೆಯವನದು ಬಿಂಡಿಗನವಿಲೆ. ಮೊದಲನೆಯದು ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರಿದ್ದು. ಉಳಿದೆರಡೂ ನಾಗಮಂಗಲ ತಾಲ್ಲೂಕಿನ ಊರುಗಳು. ಮೂರು ಊರುಗಳೂ ಮೂರು ಬೇರೆ ಬೇರೆ ಚರಿತ್ರೆಗಳೂ ಹಾಜರಿ ಪುಸ್ತಕದಲ್ಲಿ ಒಂದೇ ಅಕ್ಷರವಾಗಿ ಕುಳಿತಿವೆ. ಆ ಅಕ್ಷರವನ್ನು ಬಿಡಿಸಿ ಹೇಳೆಂದು ಕೇಳಿದರೆ ತಡವರಿಸದೆ ಹೇಳುವ ಹುಡುಗರು ಎಷ್ಟು ಮಂದಿ? 'ಅದು ನಮ್ಮ ತಾತನ ಕಾಲದಿಂದಲೂ ಇದೆ' ಎನ್ನುವವರೇ ಹೆಚ್ಚು.

ನಮ್ಮ ಹಳೆಯ ಮೈಸೂರು ಸೀಮೆಯಲ್ಲಿ ಹೆಸರು ಕಟ್ಟುವ ಕ್ರಮ ಸರಳವಾದದ್ದು. ಮೊದಲು ಊರು, ಆಮೇಲೆ ತಂದೆಯ ಹೆಸರು, ಕಡೆಯಲ್ಲಿ ತನ್ನ ಹೆಸರು. 'ಮೈಸೂರು ಮಲ್ಲಿಗೆ'ಯ ಕವಿ ಕೆ. ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ಹುಟ್ಟಿದರು. ಅವರ 'ಕೆ' ಕಿಕ್ಕೇರಿ, 'ಎಸ್' ಸುಬ್ಬರಾವ್. 1900ರಲ್ಲಿ ಹುಟ್ಟಿ ನೂರು ವರ್ಷಗಳಿಗೂ ಮಿಕ್ಕಿ ಬಾಳಿದ ಪ್ರಬಂಧಕಾರ ಎ. ಎನ್. ಮೂರ್ತಿರಾಯರ 'ಎ' ಎಂಬುದು ಅದೇ ತಾಲ್ಲೂಕಿನ, ಹೇಮಾವತಿಯ ದಡದ ಅಕ್ಕಿಹೆಬ್ಬಾಳು.

ಈ ಮೂರು ಭಾಗಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಯಾವುದು ಉಳಿಯುತ್ತದೆ, ಯಾವುದು ಕಳಚಿಕೊಳ್ಳುತ್ತದೆ ಎಂಬುದು ನಮ್ಮ ಪ್ರಶ್ನೆ. ಎಲ್ಲರಿಗೂ ತಿಳಿದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಕರ್ನಾಟಕದ ಮುಖ್ಯಮಂತ್ರಿಗಳಾಗಿದ್ದ ಬಿ. ಎಸ್. ಯಡಿಯೂರಪ್ಪನವರು 1943ರಲ್ಲಿ ಬೂಕನಕೆರೆಯಲ್ಲಿ ಜನಿಸಿದರು. ಬೂಕನಕೆರೆ ಸಿದ್ದಲಿಂಗಪ್ಪ ಯಡಿಯೂರಪ್ಪ ಎಂಬುದು ಪೂರ್ಣ ಹೆಸರು. ಅವರ ರಾಜಕೀಯ ಜೀವನವೆಲ್ಲ ಬೆಳೆದದ್ದು ದೂರದ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದಲ್ಲಿ. ಅವರ ಮಕ್ಕಳು ಬಿ. ವೈ. ರಾಘವೇಂದ್ರ, ಬಿ. ವೈ. ವಿಜಯೇಂದ್ರ. ಒಂದೇ ತಲೆಮಾರಿನಲ್ಲಿ 'ಎಸ್' ಹೋಗಿ 'ವೈ' ಬಂದಿತು, 'ಬಿ' ಕದಲಲಿಲ್ಲ. ತಂದೆಯ ಹೆಸರು ಹರಿಯುವ ನೀರು, ಊರಿನ ಹೆಸರು ದಡದ ಕಲ್ಲು. ಎರಡು ಮೂರು ತಲೆಮಾರು ಹೀಗೆಯೇ ನಿಂತುಬಿಟ್ಟರೆ ಅದು ಊರಿನ ಗುರುತಾಗಿ ಉಳಿಯದೆ ಮನೆತನದ ಹೆಸರಾಗುತ್ತದೆ.

ಇದು ನಮ್ಮಲ್ಲಿ ಮಾತ್ರ ನಡೆದ ಸಂಗತಿಯಲ್ಲ. ಇಟಲಿ ದೇಶದ ವಿರಳವಾದ ಮನೆತನದ ಹೆಸರುಗಳಲ್ಲಿ ಅನೇಕವು ಈ ದಾರಿಯಿಂದಲೇ ಬಂದವು. ಚಿತ್ರಕಾರನೂ ವಿಜ್ಞಾನಿಯೂ ಆಗಿದ್ದ ಲಿಯೊನಾರ್ಡೊ 1452ರಲ್ಲಿ ಹುಟ್ಟಿದ್ದು ವಿಂಚಿ ಎಂಬ ಸಣ್ಣ ಊರಿನ ಬಳಿ. 'ದ ವಿಂಚಿ' ಎಂದರೆ 'ವಿಂಚಿಯವನು' ಎಂದಷ್ಟೆ ಅರ್ಥ. 16ನೆಯ ಶತಮಾನದ ಸಂಗೀತರಚನಕಾರ ಪ್ಯಾಲೆಸ್ಟ್ರೀನನ ಸ್ವಂತ ಹೆಸರು ಜೊವಾನಿ ಪಿಯರ್‌ಲುಯಿಜಿ. ರೋಮಿನ ಹತ್ತಿರದ ಪ್ಯಾಲೆಸ್ಟ್ರೀನ ಎಂಬ ಪಟ್ಟಣದ ಹೆಸರಿನಿಂದಲೇ ಜಗತ್ತು ಇಂದಿಗೂ ಅವನನ್ನು ಕರೆಯುತ್ತದೆ. ಇಂಥ ಗುರುತುಗಳು ಅಲ್ಲಿ ಬಿಗಿಯಾಗಿ ನಿಂತುಕೊಳ್ಳಲು ಲೇಖನಿಯ ನೆರವು ದೊರೆಯಿತು. 1563ರಲ್ಲಿ ಮುಗಿದ ಟ್ರೆಂಟ್ ನಗರದ ಧರ್ಮಸಭೆಯು ಪ್ರತಿಯೊಂದು ಚರ್ಚಿನ ಪಾದ್ರಿಯೂ ಮದುವೆಗಳನ್ನೂ ದೀಕ್ಷಾಸ್ನಾನಗಳನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. ಬಾಯಲ್ಲಿ ತೇಲಾಡುತ್ತಿದ್ದ ಹೆಸರು ಕಾಗದದ ಮೇಲೆ ಒಮ್ಮೆ ಕುಳಿತರೆ ಮಗನಿಗೂ ಮೊಮ್ಮಗನಿಗೂ ಅಂಟಿಕೊಳ್ಳುತ್ತದೆ. ಪಾದ್ರಿಯ ಪುಸ್ತಕ ಅಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಶಾಲೆಯ ದಾಖಲೆ, ಪರೀಕ್ಷೆಯ ಪ್ರಮಾಣಪತ್ರ, ಸರ್ಕಾರಿ ನೌಕರಿಯ ಪಟ್ಟಿಗಳು ಮೂರು ಶತಮಾನ ತಡವಾಗಿ ಮಾಡಿದವು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಜಿನೋವ ನಗರದಿಂದ ಹುಟ್ಟಿದ 'ಜೆನೊವೇಜೆ' ಎಂಬ ಮನೆತನದ ಹೆಸರು ಜಿನೋವದಲ್ಲಿ ಹುಟ್ಟಿರಲಾರದು. ಎಲ್ಲರೂ ಜಿನೋವದವರೇ ಆಗಿರುವ ಕಡೆಯಲ್ಲಿ 'ಜಿನೋವದವನು' ಎಂದರೆ ಯಾರೆಂದು ಗುರುತು ಸಿಕ್ಕೀತು? ಹಾಗೆಯೇ ಕಿಕ್ಕೇರಿಯಲ್ಲಿ ಕಿಕ್ಕೇರಿಯವನೆಂದು ಯಾರನ್ನೂ ಕರೆಯುವುದಿಲ್ಲ. ಅಲ್ಲಿ ಒಬ್ಬನು ಕೆರೆ ಏರಿಯ ಮನೆಯವನು, ಇನ್ನೊಬ್ಬನು ಶಾನುಭೋಗರ ಮನೆಯವನು, ಮತ್ತೊಬ್ಬನು ದೊಡ್ಡಮನೆಯವನು. ಮೈಸೂರಿಗೋ ಬೆಂಗಳೂರಿಗೋ ಹೋಗಿ ನೆಲೆಸಿದ ಮೇಲೆ ಅವನು ಕಿಕ್ಕೇರಿಯವನಾಗುತ್ತಾನೆ. ಆದ್ದರಿಂದ ಊರಿನ ಹೆಸರನ್ನು ಹೊತ್ತಿರುವವನು ಆ ಊರಿನಲ್ಲಿ ಇರುವವನಲ್ಲ, ಆ ಊರನ್ನು ಬಿಟ್ಟವನು ಅಥವಾ ಬಿಟ್ಟವರ ಸಂತತಿಯವನು. ಹೆಸರಿನ ಮುಂದಿನ ಆ ಒಂದು ಅಕ್ಷರ ವಲಸೆಯ ಒಂದು ದಾಖಲೆ.

ಅದು ಹುಟ್ಟಿದ ಸ್ಥಳದ ದಾಖಲೆಯೂ ಅಲ್ಲ. ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರ ಪೂರ್ಣನಾಮ ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ. 1884ರಲ್ಲಿ ಅವರು ಹುಟ್ಟಿದ್ದು ತುಮಕೂರು ಜಿಲ್ಲೆಯ ಸಂಪಿಗೆ ಎಂಬ ಗ್ರಾಮದಲ್ಲಿ. ಹೆಸರಿನಲ್ಲಿ ಇರುವುದು ಮಾತ್ರ ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವ ಪದ್ಧತಿಯಿರುವ ನಮ್ಮ ನಾಡಿನಲ್ಲಿ ಹುಟ್ಟಿದ ಊರೊಂದು, ಹೆಸರಿನ ಊರೊಂದು ಆಗುವುದು ಸಾಮಾನ್ಯ. ಹೆಸರು ತಂದೆಯ ಊರನ್ನು ಹಿಡಿದುಕೊಂಡು ತಾಯಿಯ ಊರನ್ನು ಬಿಟ್ಟುಬಿಡುತ್ತದೆ. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ, ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಎಲ್ಲ ಮೊದಲಕ್ಷರಗಳೂ ಊರುಗಳೆಂದು ತಿಳಿಯುವುದೂ ತಪ್ಪು. ಮೇಲುಕೋಟೆಯ ಕವಿ ಪು. ತಿ. ನರಸಿಂಹಾಚಾರ್ಯರ 'ಪು' ಎಂಬುದು ಊರಲ್ಲ, 'ಪುರೋಹಿತ' ಎಂಬ ವೃತ್ತಿ. 'ತಿ' ಎಂಬುದು ಅವರ ತಂದೆಯ ಹೆಸರು, ತಿರುನಾರಾಯಣಯ್ಯಂಗಾರ್. ಆದರೆ ತಿರುನಾರಾಯಣನು ಮೇಲುಕೋಟೆಯ ದೇವರೇ ಆದ್ದರಿಂದ, ಹೆಸರಿನಿಂದ ಹೊರಗುಳಿದ ಊರು ದೇವರ ಮೂಲಕ ಮತ್ತೆ ಒಳಗೆ ಬಂದಿದೆಯೆನ್ನಬಹುದು. ಅಕ್ಷರದ ವಿಚಾರದಲ್ಲಿಯೂ ಒಂದು ಮಾತು. ಕನ್ನಡದ ರೀತಿಯಲ್ಲಿ 'ಪು. ತಿ. ನ.' ಎಂದು ಬರೆದರೆ ಸ್ವರವೂ ಉಳಿಯುತ್ತದೆ. ಅದೇ ಕ್ರಮದಲ್ಲಿ ನಮ್ಮ ಮೂವರು ಹುಡುಗರು 'ಬೂ.', 'ಬೆ.', 'ಬಿಂ.' ಎಂದು ಬರೆದುಕೊಂಡಿದ್ದರೆ ಮೂರು ಊರುಗಳೂ ಬೇರೆ ಬೇರೆಯಾಗಿಯೇ ಕಾಣುತ್ತಿದ್ದವು. ಇಂಗ್ಲಿಷಿನ ಅಕ್ಷರಮಾಲೆಯನ್ನು ಹಿಡಿದು ನಾವು ಅಷ್ಟನ್ನು ಕಳೆದುಕೊಂಡೆವು.

ಊರಿನ ಹೆಸರೊಂದು ಮನೆತನದ ಹೆಸರಾಗಿ ಬಹುದೂರ ಪ್ರಯಾಣ ಮಾಡಿದ್ದಕ್ಕೆ ಈ ಸೀಮೆಯಲ್ಲಿ 'ಮಂಡಯಂ' ಎಂಬುದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಇದು ಮಂಡ್ಯ ಎಂಬ ಊರಿನ ಹೆಸರೇ. ವಿಜಯನಗರದ ಕೃಷ್ಣದೇವರಾಯನು 16ನೆಯ ಶತಮಾನದ ಮೊದಲ ಭಾಗದಲ್ಲಿ ಗೋವಿಂದರಾಜನೆಂಬ ಶ್ರೀವೈಷ್ಣವ ಗುರುವಿಗೆ ಆ ಊರನ್ನು ದತ್ತಿಯಾಗಿ ಕೊಟ್ಟನೆಂದು ಪರಂಪರೆ ಹೇಳುತ್ತದೆ. ಅಲ್ಲಿಂದ ಹರಡಿಕೊಂಡ ಶ್ರೀವೈಷ್ಣವ ಕುಟುಂಬಗಳು ಇಂದಿನ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿಯೂ ಶ್ರೀರಂಗಪಟ್ಟಣದಲ್ಲಿಯೂ ನೆಲೆನಿಂತವು. ಇವರ ಮನೆಮಾತು ತಮಿಳಿನ ಒಂದು ಬಗೆ. ಆದುದರಿಂದಲೇ ಕನ್ನಡಿಗರ 'ಮಂಡ್ಯ' ಇವರ ಬಾಯಲ್ಲಿ 'ಮಂಡಯಂ' ಆಯಿತು. ಮಂಡ್ಯ ಪೇಟೆಯ ನಿವಾಸಿ ತಾನು ಮಂಡ್ಯದವನೆಂದು ಹೇಳುತ್ತಾನೆಯೇ ಹೊರತು ಮಂಡಯಂನವನೆಂದು ಎಂದಿಗೂ ಹೇಳುವುದಿಲ್ಲ. ಊರಿನ ಹೆಸರೂ ಅದರಿಂದ ಹೊರಟ ಮನೆತನದ ಹೆಸರೂ ಹೀಗೆ ಕವಲೊಡೆದವು.

ಈ ಹೆಸರು ತುಳಿದ ದಾರಿಯನ್ನು ನೋಡಿ. ಮದರಾಸಿನಲ್ಲಿ ಉಪಾಧ್ಯಾಯರಾಗಿದ್ದು, 1893ರಲ್ಲಿ ವಿವೇಕಾನಂದರನ್ನು ಅಮೆರಿಕಕ್ಕೆ ಕಳುಹಿಸುವುದಕ್ಕಾಗಿ ಮನೆಮನೆ ತಿರುಗಿ ಹಣ ಕೂಡಿಸಿದ ಆಳಸಿಂಗ ಪೆರುಮಾಳ್ ಮಂಡಯಂ ಮನೆತನದವರು. 1887ರಲ್ಲಿ ಹುಟ್ಟಿ, ದೇಶಭ್ರಷ್ಟರಾಗಿ ಯೂರೋಪಿನಲ್ಲೆಲ್ಲ ಅಲೆದು, 1920ರಲ್ಲಿ ತಾಷ್ಕೆಂಟಿನಲ್ಲಿ ಭಾರತದ ಕಮ್ಯೂನಿಸ್ಟ್ ಪಕ್ಷವನ್ನು ಸ್ಥಾಪಿಸಿದ ಗುಂಪಿನಲ್ಲಿದ್ದ ಎಂ. ಪಿ. ಟಿ. ಆಚಾರ್ಯರ 'ಎಂ' ಕೂಡ ಮಂಡಯಂ. ನಮ್ಮ ಕಾಲದಲ್ಲಿ, ಆಸ್ಟ್ರೇಲಿಯದಲ್ಲಿ ನೆಲೆಸಿ ಜೇನುನೊಣಗಳು ದೂರವನ್ನು ಅಳೆಯುವ ಬಗೆಯನ್ನು ಕಂಡುಹಿಡಿದ ಮಂಡಯಂ ವೀರಾಂಬುಧಿ ಶ್ರೀನಿವಾಸನ್ ಅವರು 2001ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ಹಾರುವಾಗ ಕಣ್ಣಿನೆದುರು ಸರಿದುಹೋಗುವ ದೃಶ್ಯದ ಓಟದಿಂದ ನೊಣವು ತಾನು ಬಂದ ದೂರವನ್ನು ಲೆಕ್ಕ ಹಾಕುತ್ತದೆಂದು ಅವರೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ಅವರ ಹೆಸರು ವಿದೇಶದಲ್ಲಿ 'ಮಂಡಯಂ ವಿ. ಶ್ರೀನಿವಾಸನ್' ಎಂದು ಅಚ್ಚಾಗುತ್ತದೆ. ಪಾಶ್ಚಾತ್ಯರ ಕ್ರಮದಲ್ಲಿ ಮೊದಲು ಬರುವುದು ವ್ಯಕ್ತಿಯ ಹೆಸರು, ಕೊನೆಯದು ಮನೆತನದ ಹೆಸರು. ಹಾಗೆ ಓದಿಕೊಂಡರೆ ತಂದೆತಾಯಿಗಳು ತೊಟ್ಟಿಲಲ್ಲಿ ಇಟ್ಟ 'ಶ್ರೀನಿವಾಸ' ಮನೆತನದ ಹೆಸರಾಯಿತು. ಕಾವೇರಿ ಸೀಮೆಯ ಊರೊಂದು ಆ ವ್ಯಕ್ತಿಯ ಸ್ವಂತ ಹೆಸರಾಯಿತು!

ಹೊರದೇಶಕ್ಕೆ ಹೊರಟ ನಮ್ಮ ತರುಣರಿಗೆಲ್ಲ ಈ ತೊಡಕು ಎದುರಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿಗೆ ಒಂದು ಜಾಗ, ಸ್ವಂತ ಹೆಸರಿಗೆ ಒಂದು ಜಾಗ. ಮನೆತನದ ಹೆಸರೆಂಬುದೇ ಇಲ್ಲದವನು ಅಲ್ಲಿ ಏನು ಬರೆಯಬೇಕು? ಕೆಲವರು ತಂದೆಯ ಹೆಸರನ್ನು ಬರೆಯುತ್ತಾರೆ, ಕೆಲವರು ಅದುವರೆಗೆ ಒಂದಕ್ಷರವಾಗಿ ಮುದುಡಿಕೊಂಡಿದ್ದ ಊರನ್ನು ಬಿಡಿಸಿ ಬರೆಯುತ್ತಾರೆ. ಅಣ್ಣ ಒಂದನ್ನೂ ತಮ್ಮ ಇನ್ನೊಂದನ್ನೂ ಬರೆದು, ಒಂದೇ ತಾಯಿಯ ಮಕ್ಕಳು ಎರಡು ಮನೆತನಗಳಾಗುವುದೂ ಉಂಟು. ಕಿಕ್ಕೇರಿ, ಬಿಂಡಿಗನವಿಲೆ ಮೊದಲಾದುವು ಇಂಥ ಒಂದು ಗಳಿಗೆಯಲ್ಲಿ ಮನೆತನದ ಹೆಸರುಗಳಾಗಿ ನಿಲ್ಲುತ್ತವೆ.

ಈ ಹೆಸರುಗಳು ಏಕೆ ಇಷ್ಟು ವಿರಳ? ಒಂದು ಕಾರಣ ಸ್ಪಷ್ಟವಾಗಿದೆ: ಊರುಗಳು ಸಣ್ಣವು, ಹೆಸರುಗಳು ಬೇರೆಡೆ ಇಲ್ಲದವು. ಹೊಸಹಳ್ಳಿ ಎಂಬ ಊರು ಯಾವ ತಾಲ್ಲೂಕಿನಲ್ಲಿಲ್ಲ? ಆ ಹೆಸರನ್ನು ಹೊತ್ತವರೆಲ್ಲ ಒಂದೇ ಮೂಲದವರೆಂದು ಹೇಳಲು ಬರುವುದಿಲ್ಲ. ಕಿಕ್ಕೇರಿ ಎಂದೊಡನೆ ಮಾತ್ರ ಭೂಪಟದ ಮೇಲೆ ಬೆರಳಿಡಬಹುದು. ವಿರಳವಾದ ಹೆಸರು ವಿಜ್ಞಾನಿಗೆ ಬೆಲೆಯುಳ್ಳದ್ದಾಗುವುದು ಇದರಿಂದಲೇ. ಶ್ರೀರಂಗಪಟ್ಟಣದ ದ್ವೀಪದಲ್ಲಿರುವ ಗಂಜಾಂ ಇವೆರಡರ ನಡುವಿನದು. ಈ ಪೇಟೆಯನ್ನು ತುಂಬಿಸುವುದಕ್ಕಾಗಿ ಟೀಪು ಸುಲ್ತಾನನು ಸಿರಾ ಪಟ್ಟಣದಿಂದ 12,000 ಮನೆಗಳವರನ್ನು ಎಬ್ಬಿಸಿ ತಂದನೆಂದು ಹಳೆಯ ಗ್ಯಾಸೆಟಿಯರುಗಳು ಹೇಳುತ್ತವೆ. ಗಂಜಾಂ ಎಂಬ ಹೆಸರಿನ ಜಿಲ್ಲೆಯೊಂದು ಒಡಿಶಾದಲ್ಲಿಯೂ ಇದೆ. ಹೆಸರನ್ನು ಮಾತ್ರ ಕೇಳಿ ಕಾವೇರಿಯ ಗಂಜಾಮೋ ಪೂರ್ವಸಮುದ್ರದ ಗಂಜಾಮೋ ಎಂದು ನಿರ್ಣಯಿಸಲಾಗದು.

ಎರಡನೆಯ ಕಾರಣ ಗಣಿತಕ್ಕೆ ಸೇರಿದ್ದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿ, ಪ್ರಸಿದ್ಧವಾದ ಮನೆತನದ ಹೆಸರುಗಳು ಬೇಗ ಬೇಗ ಅಳಿದುಹೋಗುತ್ತಿರುವುದನ್ನು ಕಂಡು, 1873ರಲ್ಲಿ ಪತ್ರಿಕೆಯೊಂದರ ಮೂಲಕ ಗಣಿತಜ್ಞರಿಗೆ ಒಂದು ಪ್ರಶ್ನೆ ಹಾಕಿದನು. ವಾಟ್ಸನ್ ಎಂಬ ಪಾದ್ರಿ ಅದಕ್ಕೆ ಉತ್ತರ ಬರೆದನು. 1874ರಲ್ಲಿ ಇಬ್ಬರೂ ಕೂಡಿ ಅದನ್ನು ಪ್ರಕಟಿಸಿದರು. ಪ್ರಶ್ನೆ ಕಷ್ಟದ್ದಲ್ಲ, ನಾವೂ ಮಾಡಿ ನೋಡಬಹುದು. ನೂರು ಊರುಗಳಿಂದ ಒಬ್ಬೊಬ್ಬ ಪುರುಷನು ಹೊರಟು ಪಟ್ಟಣವೊಂದರಲ್ಲಿ ನೆಲೆಸಿ ತನ್ನ ತನ್ನ ಊರಿನ ಹೆಸರನ್ನು ಇಟ್ಟುಕೊಂಡನೆಂದು ಭಾವಿಸಿ. ಪ್ರತಿಯೊಬ್ಬನಿಗೂ ಗಂಡುಮಗುವೇ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು ಪಾಲು, ಒಬ್ಬ ಮಗನಿರುವ ಸಂಭವ ಎರಡು ಪಾಲು, ಇಬ್ಬರಿರುವ ಸಂಭವ ಒಂದು ಪಾಲು. ಸರಾಸರಿ ಒಬ್ಬನಿಗೆ ಒಬ್ಬ ಮಗ; ಎಂದಮೇಲೆ ಪುರುಷರ ಒಟ್ಟು ಸಂಖ್ಯೆ ನೂರರ ಆಸುಪಾಸಿನಲ್ಲಿಯೇ ಇರಬೇಕು. ಹೆಸರುಗಳ ಗತಿ ಏನು?

ಮೊದಲ ತಲೆಮಾರಿಗೆ 25 ಹೆಸರುಗಳು ಹೋದವು. ಎರಡನೆಯ ತಲೆಮಾರಿನ ಲೆಕ್ಕದಲ್ಲಿ ಮೂರು ಸಂಗತಿಗಳನ್ನು ಕೂಡಿಸಬೇಕು. ಮೊದಲಿಗೇ ಗಂಡು ಸಂತಾನವಿಲ್ಲದಿರುವುದು ಒಂದು, ಅದು 1/4. ಒಬ್ಬನೇ ಮಗನಿದ್ದು ಅವನಿಗೆ ಇಲ್ಲದಿರುವುದು ಇನ್ನೊಂದು, 1/2 × 1/4. ಇಬ್ಬರಿದ್ದು ಇಬ್ಬರಿಗೂ ಇಲ್ಲದಿರುವುದು ಮೂರನೆಯದು, 1/4 × 1/4 × 1/4. ಒಟ್ಟು 25/64, ಅಂದರೆ ನೂರಕ್ಕೆ 39. ಇದೇ ರೀತಿ ಮುಂದುವರಿಸಿದರೆ ಮೂರನೆಯ ತಲೆಮಾರಿಗೆ 48, ನಾಲ್ಕನೆಯದಕ್ಕೆ 55, ಐದನೆಯದಕ್ಕೆ 60. ತಾತನ ತಾತನ ಕಾಲದಿಂದ ಇಲ್ಲಿಗೆ ನೂರರಲ್ಲಿ ನಲವತ್ತು ಹೆಸರುಗಳು ಮಾತ್ರ ಉಳಿದವು, ಪುರುಷರು ಮಾತ್ರ ನೂರು ಮಂದಿಯೇ ಇದ್ದಾರೆ. ಆದ್ದರಿಂದ ಉಳಿದ ಹೆಸರೊಂದಕ್ಕೆ ಸರಾಸರಿ ಎರಡೂವರೆ ಜನ. ಯಾವ ಹೆಸರಿಗೂ ವಿಶೇಷವಾದ ಯೋಗ್ಯತೆಯಿಲ್ಲ, ಯಾವ ಮನೆತನಕ್ಕೂ ಶಾಪ ತಟ್ಟಿಲ್ಲ. ಬರಿಯ ಆಕಸ್ಮಿಕದಿಂದ ಕೆಲವು ಅಳಿದು ಕೆಲವು ಬೆಳೆದವು. ಮನೆತನದ ಹೆಸರಿನ ಹಬ್ಬುಗೆಯನ್ನು ಕಂಡು ಅದು ಪೂರ್ವಿಕರ ಪುಣ್ಯವೆಂದು ಹೆಮ್ಮೆಪಡುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ವಾಟ್ಸನ್ ಒಂದು ತಪ್ಪು ಮಾಡಿದನು. ಜನಸಂಖ್ಯೆ ಬೆಳೆಯುತ್ತಿದ್ದರೂ ಸಹ ಎಲ್ಲ ಹೆಸರುಗಳೂ ಕೊನೆಗೆ ಅಳಿಯಲೇಬೇಕೆಂದು ಅವನು ತೀರ್ಮಾನಿಸಿದನು. ಹಾಗಲ್ಲವೆಂದು 1930ರಲ್ಲಿ ಡೆನ್ಮಾರ್ಕಿನ ಸ್ಟೆಫೆನ್ಸೆನ್ ಪೂರ್ಣವಾಗಿ ಸಾಧಿಸಿದನು. ಸರಾಸರಿ ಒಂದಕ್ಕಿಂತ ಹೆಚ್ಚಾಗಿದ್ದರೆ ಕೆಲವು ಹೆಸರುಗಳಿಗೆ ಉಳಿಯುವ ಸಂಭವವಿದೆ. ಆದರೂ ಅದು ಹೆಚ್ಚೇನಲ್ಲ. ಮರುವರ್ಷ ಲೋಟ್ಕ ಎಂಬಾತನು ಅಮೆರಿಕದ ಬಿಳಿಯರ 1920ರ ಅಂಕಿಗಳನ್ನು ಹಿಡಿದು ಲೆಕ್ಕ ಹಾಕಿದಾಗ, ಜನಸಂಖ್ಯೆ ಏರುತ್ತಿದ್ದ ಆ ದೇಶದಲ್ಲಿಯೂ ಒಬ್ಬ ಪುರುಷನಿಂದ ಮೊದಲಾದ ಹೆಸರು ಎಂದಾದರೊಂದು ದಿನ ಅಳಿಯುವ ಸಂಭವ ನೂರಕ್ಕೆ 82ರಷ್ಟಿತ್ತು. ಇದೇ ಗಣಿತವನ್ನು ಮುಂದೆ ಹೊಸದಾಗಿ ಹುಟ್ಟಿದ ಜೀನೊಂದು ಉಳಿಯುವುದೋ ಅಳಿಯುವುದೋ ಎಂದು ತಿಳಿಯುವುದಕ್ಕೂ ಪರಮಾಣುಗಳ ಸರಪಳಿ ಕ್ರಿಯೆಯನ್ನು ಅರಿಯುವುದಕ್ಕೂ ಬಳಸಿಕೊಂಡರು.

ಜೀನಿನ ಮಾತು ಬಂದದ್ದರಿಂದ ರಕ್ತಸಂಬಂಧದ ವಿಚಾರಕ್ಕೆ ಬರಬಹುದು. ತಂದೆಯಿಂದ ಮಗನಿಗೆ ಮಾತ್ರ ಹೋಗುವ ಮನೆತನದ ಹೆಸರೂ ತಂದೆಯಿಂದ ಮಗನಿಗೆ ಮಾತ್ರ ಹೋಗುವ 'ವೈ' ವರ್ಣತಂತುವೂ ಜೊತೆಯಾಗಿ ನಡೆಯಬೇಕಲ್ಲವೆ? ಬ್ರಿಟನ್ನಿನಲ್ಲಿ ಬ್ರಯನ್ ಸೈಕ್ಸ್ ಎಂಬ ವಿಜ್ಞಾನಿ ತನ್ನದೇ ಮನೆತನದ ಹೆಸರುಳ್ಳ 48 ಮಂದಿ ಅಪರಿಚಿತರನ್ನು ಪರೀಕ್ಷಿಸಿದಾಗ 21 ಮಂದಿಯಲ್ಲಿ ಒಂದೇ ಬಗೆಯ 'ವೈ' ಕಂಡುಬಂದಿತು. ಇದು 2000ನೆಯ ಇಸವಿಯಲ್ಲಿ ಪ್ರಕಟವಾಯಿತು. ಇಟಲಿಯಲ್ಲಿ ಕವಾಲಿ ಸ್ಫೋರ್ಜ 1950ರ ದಶಕದಿಂದ ಪಾರ್ಮ ನದಿಯ ಕಣಿವೆಯ ಚರ್ಚುಗಳ ಪುಸ್ತಕಗಳನ್ನು ಓದಿ, ಬೆಟ್ಟದ ಮೇಲಿನ ಸಣ್ಣ ಹಳ್ಳಿಗಳಲ್ಲಿ ಆಕಸ್ಮಿಕದ ಆಟ ಎಷ್ಟು ಬಲವಾದದ್ದೆಂದು ತೋರಿಸಿದನು.

ಇದನ್ನೇ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮಾಡಬಹುದೆ? ಮಾಡಬಾರದು, ಮಾಡಿದರೆ ಮೋಸಹೋಗುತ್ತೇವೆ. ಕಿಕ್ಕೇರಿಯಿಂದ ಹೊರಟವನು ಒಬ್ಬನೇ ಅಲ್ಲ. ಬೇರೆ ಬೇರೆ ಜಾತಿಯವರು, ಬೇರೆ ಬೇರೆ ಗೋತ್ರದವರು, ಬೇರೆ ಬೇರೆ ಕಾಲಗಳಲ್ಲಿ ಹೊರಟು ಅದೇ ಹೆಸರನ್ನು ಹೊತ್ತಿದ್ದಾರೆ. ಅವರಿಗೆ ಸಮಾನವಾದದ್ದು ಕೆರೆಯ ನೀರು ಮಾತ್ರ.

ಇನ್ನೊಂದು ಕಡೆಯಿಂದಲೂ ನೋಡಬೇಕು. ಚಾರ್ಲ್ಸ್ ಡಾರ್ವಿನ್ನನ ಮಗ ಜಾರ್ಜ್ ಡಾರ್ವಿನ್ 1875ರಲ್ಲಿ ಒಂದು ಉಪಾಯ ಹೂಡಿದನು. ಪತ್ರಿಕೆಗಳಲ್ಲಿ ಅಚ್ಚಾದ ಮದುವೆಯ ವಾರ್ತೆಗಳಲ್ಲಿ ವಧೂವರರಿಬ್ಬರದೂ ಒಂದೇ ಮನೆತನದ ಹೆಸರಾಗಿರುವ ಮದುವೆಗಳನ್ನು ಎಣಿಸಿ, ಅದರಿಂದ ಇಂಗ್ಲೆಂಡಿನಲ್ಲಿ ಹತ್ತಿರದ ಸಂಬಂಧದ ಮದುವೆಗಳೆಷ್ಟೆಂದು ಅಂದಾಜು ಮಾಡಿದನು. ಅವನ ತಂದೆತಾಯಿಗಳೇ ಸಂಬಂಧಿಗಳು. ಚಾರ್ಲ್ಸ್ ಡಾರ್ವಿನ್ ಮದುವೆಯಾದ ಎಮ್ಮಾ ವೆಜ್‌ವುಡ್ ಅವನ ಸೋದರಮಾವನ ಮಗಳು. ಆದರೆ ಡಾರ್ವಿನ್ ಬೇರೆ, ವೆಜ್‌ವುಡ್ ಬೇರೆ. ಒಂದೇ ಹೆಸರುಳ್ಳ ಮದುವೆಗಳ ಪಟ್ಟಿಗೆ ಮಗನ ಕಣ್ಣೆದುರಿನ ಮದುವೆಯೇ ಬರುತ್ತಿರಲಿಲ್ಲ! ಇಂಥವನ್ನು ಲೆಕ್ಕಕ್ಕೆ ತರಲು ಅವನು ಬೇರೆ ತಿದ್ದುಪಡಿ ಮಾಡಿಕೊಳ್ಳಬೇಕಾಯಿತು.

ಕಾವೇರಿ ಸೀಮೆಯಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ನಮ್ಮಲ್ಲಿ ಸಮ್ಮತವಾಗಿ ಬಂದಿರುವ ಮದುವೆಗಳು ಸೋದರಮಾವನ ಮಗಳು, ಸೋದರತ್ತೆಯ ಮಗಳು, ಅಕ್ಕನ ಮಗಳು. ಇವೆಲ್ಲ ಹೆಣ್ಣಿನ ಮೂಲಕ ಬರುವ ಸಂಬಂಧಗಳು. ಹೆಸರು ತಂದೆಯ ಊರನ್ನು ಮಾತ್ರ ಹಿಡಿದುಕೊಳ್ಳುತ್ತದೆಂದು ಹಿಂದೆ ಹೇಳಿದುದನ್ನು ಜ್ಞಾಪಿಸಿಕೊಳ್ಳಿ. ಅಕ್ಕನನ್ನು ಬೆಳ್ಳೂರಿನಿಂದ ಬೂಕನಕೆರೆಗೆ ಕೊಟ್ಟಿದ್ದರೆ ಅವಳ ಮಗಳು ಬೂಕನಕೆರೆಯವಳು. ತಮ್ಮ ಅವಳನ್ನು ವರಿಸಿದರೆ ದಾಖಲೆಯಲ್ಲಿ ಬೆಳ್ಳೂರಿನ ವರ, ಬೂಕನಕೆರೆಯ ವಧು. ಎರಡು ಬೇರೆ ಬೇರೆ ಊರುಗಳು. ವಾಸ್ತವವಾಗಿ ಇದಕ್ಕಿಂತ ಹತ್ತಿರದ ಮದುವೆ ನಮ್ಮಲ್ಲಿಲ್ಲ. ಅಂಥ ದಂಪತಿಗಳ ಮಗುವಿನಲ್ಲಿ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಿಕನ ಒಂದೇ ಜೀನಿನಿಂದ ಬಂದಿರುವ ಸಂಭವ 1/8. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳ ಮದುವೆಯಲ್ಲಿ 1/16. ಇದು ಪುಸ್ತಕದ ಲೆಕ್ಕ ಮಾತ್ರವಲ್ಲ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ವಿಚಾರಿಸಿದಾಗ ತಾಯಂದಿರಲ್ಲಿ ಹೆಚ್ಚುಕಡಮೆ ಮೂವರಲ್ಲಿ ಒಬ್ಬರದು ಸಂಬಂಧದೊಳಗಿನ ಮದುವೆಯಾಗಿತ್ತು. ವಿರಳವಾದ ಕೆಲವು ಆನುವಂಶಿಕ ರೋಗಗಳು ಇಂಥ ಮದುವೆಗಳ ಮಕ್ಕಳಲ್ಲಿ ಹೆಚ್ಚಾಗಿ ತಲೆದೋರುವುದರಿಂದ ವೈದ್ಯನು ಈ ಸಂಬಂಧವನ್ನು ಕೇಳಿ ತಿಳಿಯಬೇಕು. ಹೆಸರುಗಳನ್ನು ನೋಡಿ 'ಬೇರೆ ಊರಿನವರು' ಎಂದು ಸುಮ್ಮನಾಗುವಂತಿಲ್ಲ. ಮಂಡಯಂ ಮನೆತನಗಳಲ್ಲಿ ಇದಕ್ಕೆ ವಿರುದ್ಧವಾದುದನ್ನು ಕಾಣುತ್ತೇವೆ. ತಮ್ಮ ತಮ್ಮೊಳಗೇ ಸಂಬಂಧ ಬೆಳೆಸುತ್ತಿದ್ದ ಪಂಗಡವಾದ್ದರಿಂದ ವಧುವೂ ಮಂಡಯಂ, ವರನೂ ಮಂಡಯಂ. ಜಾರ್ಜ್ ಡಾರ್ವಿನ್ನನ ಕೈಗೆ ಆ ಪಟ್ಟಿ ಸಿಕ್ಕಿದ್ದರೆ ಅವನು ಬೆಚ್ಚಿಬೀಳುತ್ತಿದ್ದನು. ಗೋತ್ರಗಳು ಬೇರೆ ಬೇರೆಯೆಂಬ ಸಂಗತಿ ಹೆಸರಿನಲ್ಲಿ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ ಊರು ಬಿಡದವರ ವಿಚಾರವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಊರಿನ ಹೆಸರುಗಳು ಯಾರ ಹೆಸರಿನ ಮುಂದೆ ಮೊದಲು ಕಾಣಿಸಿಕೊಂಡವು? ಇಂಗ್ಲಿಷ್ ಓದಿ, ನೌಕರಿ ಹಿಡಿದು, ಮೊದಲು ಪಟ್ಟಣ ಸೇರಿದವರ ಮುಂದೆ. ಅವರಲ್ಲಿ ಬ್ರಾಹ್ಮಣರೇ ಹೆಚ್ಚು. ಬೂಕನಕೆರೆಯ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವನಿಗೆ ಬೂಕನಕೆರೆಯೆಂಬ ಅಕ್ಷರ ಬೇಕಾಗಿರಲಿಲ್ಲ. ಬೇಕಾದಾಗ ಬರೆದುಕೊಡುವ ಶಾಲೆಯೂ ಇರಲಿಲ್ಲ. ಅವನ ಸೀಮೆಯ ಗುರುತು ಬೇರೊಂದು ಕಡೆ ಸೇರಿಕೊಂಡಿದೆ. ಮೇಲುಕೋಟೆಯ ಚೆಲುವನಾರಾಯಣನಿಂದ ಸುತ್ತಲಿನ ಹಳ್ಳಿಗಳಲ್ಲೆಲ್ಲ ಚೆಲುವೇಗೌಡ, ಚೆಲುವಯ್ಯ, ಚೆಲುವಮ್ಮ ಎಂಬ ಹೆಸರುಗಳು ತುಂಬಿಕೊಂಡಿವೆ. ಶ್ರೀರಂಗಪಟ್ಟಣದ ರಂಗನಾಥನಿಂದ ರಂಗೇಗೌಡ, ರಂಗಸ್ವಾಮಿ, ರಂಗಮ್ಮ. ಇವು ವಿರಳವೂ ಅಲ್ಲ, ಮನೆತನದ ಹೆಸರುಗಳೂ ಅಲ್ಲ. ಆದರೂ 'ಚೆಲುವೇಗೌಡ' ಎಂದು ಕೂಗಿದರೆ ಕೂಗಿದ್ದು ಯಾವ ಸೀಮೆಯಲ್ಲಿ ಎಂದು ಬಲ್ಲವರು ಊಹಿಸಬಲ್ಲರು. ಶಾಲೆಗಳು ಹೆಚ್ಚಿದಂತೆ ಈ ಮನೆಗಳ ಮಕ್ಕಳೂ ಪಟ್ಟಣಕ್ಕೆ ಹೋದರು, ಊರಿನ ಅಕ್ಷರವನ್ನು ಇಟ್ಟುಕೊಂಡರು. ಹೆಣ್ಣುಮಕ್ಕಳ ಸ್ಥಿತಿ ಮಾತ್ರ ಎಲ್ಲ ಕಡೆಯೂ ಒಂದೇ: ಮದುವೆಯಾದೊಡನೆ ತವರಿನ ಅಕ್ಷರ ಹೋಗಿ ಗಂಡನ ಊರಿನ ಅಕ್ಷರವೋ ಗಂಡನ ಹೆಸರೋ ಬಂದು ಕೂರುತ್ತದೆ.

ಊರುಗಳೂ ಶಾಶ್ವತವಲ್ಲ. ಪಾಂಡವಪುರದ ಹಳೆಯ ಹೆಸರು ಹಿರೋಡೆ. ಹೈದರ್ ಮತ್ತು ಟೀಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಎಂದು ಕರೆದರು. ಪಾಂಡವಪುರವೆಂಬುದು ಈಚಿನದು. ಕೃಷ್ಣರಾಜಪೇಟೆ ಹಿಂದೆ ಅತ್ತಿಕುಪ್ಪೆಯಾಗಿತ್ತು. ಮೂರು ತಲೆಮಾರಿನ ಹಿಂದಿನ ದಾಖಲೆಯಲ್ಲಿ 'ಎಚ್' ಎಂದಿರುವುದನ್ನು ಕಂಡು ಭೂಪಟದಲ್ಲಿ ಹಿರೋಡೆಯನ್ನು ಹುಡುಕುವವನು ಬರಿಗೈಯಲ್ಲಿ ಮರಳಬೇಕಾದೀತು. ಇದಕ್ಕಿಂತ ಹೆಚ್ಚಿನದು ಕನ್ನಂಬಾಡಿಯ ಪಾಡು. 1911ರಲ್ಲಿ ಮೊದಲಾಗಿ 1931ರಲ್ಲಿ ಮುಗಿದ ಕೃಷ್ಣರಾಜಸಾಗರದ ಕಟ್ಟೆಯ ಹಿನ್ನೀರಿನಲ್ಲಿ ಆ ಊರು ಮುಳುಗಿತು. ಜನ ಹೊರಗೆ ಬಂದು ಹೊಸ ಕನ್ನಂಬಾಡಿಯನ್ನು ಕಟ್ಟಿಕೊಂಡರು. ನೀರು ಇಳಿದ ವರ್ಷಗಳಲ್ಲಿ ಹಳೆಯ ಊರಿನ ವೇಣುಗೋಪಾಲಸ್ವಾಮಿಯ ಗುಡಿ ಹೊರಗೆ ಕಾಣುತ್ತಿತ್ತು. ಈಚೆಗೆ ಅದರ ಕಲ್ಲುಗಳನ್ನು ಕಿತ್ತು ತಂದು ದಡದಲ್ಲಿ ಮತ್ತೆ ಕಟ್ಟಿದ್ದಾರೆ. ಮುಳುಗಿದ ಊರಿನ ಹೆಸರು ಅದನ್ನು ಮುಳುಗಿಸಿದ ಕಟ್ಟೆಗೇ ಉಳಿದುಕೊಂಡು, ಜನ ಇಂದಿಗೂ ಅದನ್ನು ಕನ್ನಂಬಾಡಿ ಕಟ್ಟೆಯೆಂದೇ ಕರೆಯುತ್ತಾರೆ.

ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ತಮ್ಮ ತರಗತಿಯಲ್ಲಿ ಒಂದು ಸಣ್ಣ ಪರಿಶೋಧನೆ ಮಾಡಬಹುದು. ಒಂದು ಹಾಳೆಯಲ್ಲಿ ಗೆರೆ ಎಳೆದು, ಸಹಪಾಠಿಗಳ ಹೆಸರುಗಳ ಮೊದಲಕ್ಷರವನ್ನು ಬಿಡಿಸಿ ಬರೆಯಿರಿ: ಅದು ಊರೋ, ವೃತ್ತಿಯೋ, ತಂದೆಯ ಹೆಸರೋ. ಊರಾಗಿದ್ದರೆ ಆ ಊರನ್ನು ಬಿಟ್ಟವರು ಯಾರು, ಸುಮಾರು ಯಾವ ಇಸವಿಯಲ್ಲಿ, ಏತಕ್ಕಾಗಿ ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಲು ಹೇಳಿ. ಹಿರಿಯರು ಇರುವಾಗಲೇ ಕೇಳಬೇಕು. ಕೊನೆಯ ಅಂಕಣದಲ್ಲಿ ತಾಯಿಯ ಊರನ್ನೂ ತಾಯಿಯ ತಾಯಿಯ ಊರನ್ನೂ ಬರೆಯಿರಿ. ಹಾಜರಿ ಪುಸ್ತಕದಲ್ಲಿ ಆ ಅಂಕಣ ಇರುವುದಿಲ್ಲ.